ಬೋರಲು ಹಾಕಿದ ಕಪ್

ಗಂಡ ಕಾಫಿ ಕುಡಿದು ಕಪ್ಪನ್ನು ನೆಟ್ಟಗೆ ಇಟ್ಟ ದಿನವೇ ಗುಟುಕಮ್ಮನಿಗೆ ಅನುಮಾನ ಹತ್ತಿತು.

ಬೇರೆ ಹೆಂಗಸರಿಗೆ ಗಂಡನ ಅಂಗಿಗೆ ಅಂಟಿದ ಕೂದಲಿನಿಂದ ಅನುಮಾನ ಬರುತ್ತದೆ, ಫೋನು ಬಂದಾಗ ಅವನು ಬಾಲ್ಕನಿಗೆ ಓಡುವುದರಿಂದ ಬರುತ್ತದೆ. ಇವಳಿಗೆ ಕಪ್ಪಿನಿಂದ ಬಂತು. ನಗುವವರು ನಗಲಿ, ಆದರೆ ಹಿಂದಿನದನ್ನೂ ಸ್ವಲ್ಪ ಕೇಳಿಕೊಂಡು ನಗಲಿ.

ಹಳೆಯ ಊರಿನಲ್ಲಿ ಅವಳು ರೈಲು ನಿಲ್ದಾಣದ ಎದುರಿನ ಕೆಫೆಯೊಂದರಲ್ಲಿ ಹದಿಮೂರು ವರ್ಷ ಎಸ್ಪ್ರೆಸೊ ಮೆಷೀನಿನ ಹಿಂದೆ ನಿಂತವಳು. ಗುಟುಕಮ್ಮ ಎನ್ನುವುದು ಅಲ್ಲಿಯವರೇ ಇಟ್ಟ ಹೆಸರು. ಬೆಳಿಗ್ಗೆ ಮೆಷೀನು ಕಾದ ಕೂಡಲೇ ಒಂದು ಎಸ್ಪ್ರೆಸೊ ಇಳಿಸಿ, ಹಬೆಯಾಡುತ್ತಿರುವಾಗಲೇ ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಉಳಿದದ್ದನ್ನು ಸಿಂಕಿಗೆ ಸುರಿಯುವಳು. ಬೀಜ ಬೀಸುವ ಗ್ರೈಂಡರನ್ನು ಕೂದಲೆಳೆಯಷ್ಟು ತಿರುಗಿಸಿ ಮತ್ತೊಂದು ಇಳಿಸುವಳು. ಮತ್ತೆ ಒಂದು ಗುಟುಕು, ಮತ್ತೆ ಸಿಂಕು. ‘ಒಂದು ಗುಟುಕಿಗೆ ಎಲ್ಲ ತಿಳಿಯತ್ತೆ. ಎರಡನೇದು ಬೇಕಾಗೋದು ನಾಲಿಗೆ ಸತ್ತವರಿಗೆ’ ಎಂದು ಹೊಸದಾಗಿ ಕೆಲಸಕ್ಕೆ ಸೇರಿದವರ ಮುಂದೆ ಜಂಬ ಕೊಚ್ಚುವಳು. ದಿನವಿಡೀ ಕಾಫಿಯ ನಡುವೆಯೇ ನಿಲ್ಲುವವರು ಪೂರ್ತಿ ಕಪ್ ಕುಡಿಯುತ್ತ ಕೂತರೆ ತಲೆ ಗಿರ್ರೆನ್ನದೆ ಇರುತ್ತದೆಯೇ? ಹಾಗಾಗಿ ತಾನು ಮಾಡಿದ ಒಂದು ಕಪ್ಪನ್ನಾದರೂ ತಳದವರೆಗೆ ಅವಳು ಕುಡಿದಿದ್ದಿಲ್ಲ. ಅದು ಆ ಕೆಲಸದವರ ರೂಢಿ.

ಗಂಡ ಸಿಕ್ಕಿದ್ದೂ ಆ ಕೌಂಟರಿನಲ್ಲೇ. ನಿಲ್ದಾಣದ ಲಿಫ್ಟುಗಳನ್ನು ನೋಡಿಕೊಳ್ಳುವ ಮೆಕ್ಯಾನಿಕ್. ಎತ್ತರದ ಆಳು, ಎದೆಯ ಜೇಬಿನಲ್ಲಿ ಸ್ಕ್ರೂಡ್ರೈವರ್. ದಿನಾ ಎಂಟಕ್ಕೆ ಬಂದು ಕೌಂಟರಿನ ತುದಿಯಲ್ಲಿ ನಿಂತು ಒಂದು ಎಸ್ಪ್ರೆಸೊ ಕುಡಿದು, ಕಪ್ಪನ್ನು ಸಾಸರಿನ ಮೇಲೆ ಬೋರಲು ಹಾಕಿ, ಅದರ ಬೆನ್ನಿಗೆ ಬೆರಳಿನಿಂದ ಟಕ್ ಟಕ್ ಎಂದು ಎರಡು ಸಲ ತಟ್ಟಿ ಹೋಗುತ್ತಿದ್ದ. ಎಂಜಲು ಕಪ್ ಎತ್ತಿ ತೊಳೆಯುವುದು ಬೇರೆ ಹುಡುಗನ ಕೆಲಸ. ಮಾತಿಲ್ಲ, ಕತೆಯಿಲ್ಲ. ಆ ಮನುಷ್ಯನ ಬಾಯಿಂದ ಮಾತು ಹೊರಡಿಸಲು ಅವನದೇ ಸ್ಕ್ರೂಡ್ರೈವರ್ ಬೇಕಾಗಿತ್ತು. ಬೇರೆ ಗಿರಾಕಿಗಳು ‘ಸೂಪರ್’, ‘ಕೈಗೆ ಬಂಗಾರದ ಬಳೆ ತೊಡಿಸಬೇಕು’ ಎಂದು ಏನೇನೋ ಹೊಗಳುತ್ತಿದ್ದರು. ಗುಟುಕಮ್ಮ ಅದಕ್ಕೆಲ್ಲ ಸೊಪ್ಪು ಹಾಕುತ್ತಿರಲಿಲ್ಲ. ಅವಳ ಕಣ್ಣು ಆ ಬೋರಲು ಕಪ್ಪಿನ ಮೇಲೆ. ಒಂದು ಹನಿಯೂ ಬಿಟ್ಟಿಲ್ಲ, ನೋಡು ಎಂದು ಹೇಳುವುದಕ್ಕೆ ಇದಕ್ಕಿಂತ ಚೆಂದದ ಮಾತು ಎಲ್ಲಿದೆ? ಎರಡು ವರ್ಷ ಕಪ್ ಬೋರಲು ಹಾಕಿದವನನ್ನು ಮೂರನೆಯ ವರ್ಷ ಅವಳೇ ಕೇಳಿ ಮದುವೆಯಾದಳು.

ಮದುವೆಯಾದ ಮೇಲೂ ಹಾಗೇ. ಕೆಲಸದ ದಿನ ಕೌಂಟರಿನಲ್ಲಿ, ರಜೆಯ ದಿನ ಮನೆಯಲ್ಲಿ. ಮನೆಯಲ್ಲಾದರೆ ಬೋರಲು ಹಾಕಿದ ಕಪ್ಪನ್ನು ಸಾಸರಿನ ಸಮೇತ ತಾನೇ ಸಿಂಕಿಗೆ ಒಯ್ದು ತೊಳೆದೂ ಇಡುತ್ತಿದ್ದ. ‘ನಮ್ಮನೆಯವರು ಅವರ ಕಪ್ಪನ್ನ ಅವರೇ ತೊಳೀತಾರೆ, ಗೊತ್ತಾ’ ಎಂದು ತಂಗಿಯ ಮುಂದೆ ಹೇಳಿ ಹೇಳಿ ಆ ತಂಗಿಯ ಸಂಸಾರದಲ್ಲಿ ಎರಡು ಸಲ ಜಗಳ ತಂದಿಟ್ಟಿದ್ದಳು.

ಆಮೇಲೆ ಕಂಪನಿಯವರು ಅವನನ್ನು ಈ ಹೊಸ ಊರಿಗೆ ಹಾಕಿದರು. ಎಂಟು ದೊಡ್ಡ ಕಟ್ಟಡಗಳ ಲಿಫ್ಟುಗಳ ಜವಾಬ್ದಾರಿ. ಅವನು ಮೊದಲು ಬಂದ. ಕೆಫೆಯಲ್ಲಿ ತನ್ನ ಜಾಗಕ್ಕೆ ಬಂದವಳಿಗೆ ಕೆಲಸ ಕಲಿಸಿಕೊಟ್ಟು ಮೂರು ತಿಂಗಳ ನಂತರ ಇವಳು ಬಂದಳು. ನಾಲ್ಕನೇ ಮಹಡಿಯಲ್ಲಿ ಎರಡು ಕೋಣೆಯ ಮನೆ. ಅಡುಗೆಮನೆಯ ಕಿಟಕಿ ತೆರೆದರೆ ಎದುರಿನ ಕಟ್ಟಡದ ಪೈಪುಗಳು. ಕೆಫೆಯವರು ಬೀಳ್ಕೊಡುವಾಗ ಕೊಟ್ಟ ಪುಟ್ಟ ಎಸ್ಪ್ರೆಸೊ ಮೆಷೀನನ್ನು ಬಟ್ಟೆಬರೆಗಿಂತ ಮುಂಚೆ ಬಿಚ್ಚಿ, ಒರೆಸಿ, ಆ ಕಿಟಕಿಯ ಪಕ್ಕ ಕೂರಿಸಿದಳು. ಈ ಊರಿನಲ್ಲಿ ಅವಳನ್ನು ಬಲ್ಲವರು ಇಬ್ಬರೇ: ಗಂಡ ಮತ್ತು ಆ ಮೆಷೀನು.

ಮೊದಲ ಬೆಳಿಗ್ಗೆ ಕಾಫಿ ಮಾಡಿ ಅವನ ಮುಂದಿಟ್ಟು, ಹೋಗುವುದಕ್ಕೆ ಎಲ್ಲೂ ಇಲ್ಲದ್ದರಿಂದ, ಗಲ್ಲಕ್ಕೆ ಕೈ ಕೊಟ್ಟು ಎದುರಿಗೇ ಕುಳಿತಳು. ಗಂಡ ಕಾಫಿ ಕುಡಿಯುವುದನ್ನು ಕುಳಿತು ನೋಡುವಷ್ಟು ಪುರುಸೊತ್ತು ಅವಳಿಗೆ ಹುಟ್ಟಿದಾಗಿನಿಂದ ಸಿಕ್ಕಿರಲಿಲ್ಲ.

ಅವನು ಕುಡಿದ. ಅವಳ ಮುಖ ನೋಡಿದ.

“ಚೆನ್ನಾಗಿದೆ” ಎಂದ.

ಗುಟುಕಮ್ಮನ ಎದೆ ಧಸಕ್ಕೆಂದಿತು. ಇಷ್ಟು ವರ್ಷದಲ್ಲಿ ಅವನು ಆ ಮಾತು ಹೇಳಿದ್ದಿಲ್ಲ. ಹೇಳಬೇಕಾದದ್ದನ್ನು ಕಪ್ ಹೇಳುತ್ತಿತ್ತು. ಈಗ ಕಪ್ ನೆಟ್ಟಗೆ ಕೂತಿತ್ತು, ತಳದಲ್ಲಿ ಒಂದು ಬೆರಳು ಕಾಫಿ ಹಾಗೇ ಉಳಿದಿತ್ತು.

“ಹೊತ್ತಾಯ್ತು” ಎಂದು ಅವನು ಶೂ ಹಾಕಿಕೊಂಡು ಹೊರಟೇಹೋದ.

ಮರುದಿನವೂ ಅಷ್ಟೇ. ಹತ್ತು ದಿನವೂ ಅಷ್ಟೇ. ಅವಳು ಬೀಜ ಬದಲಾಯಿಸಿದಳು, ಪುಡಿ ಹೆಚ್ಚು ಹಾಕಿದಳು, ಕಪ್ಪನ್ನು ಬಿಸಿನೀರಿನಲ್ಲಿ ಅದ್ದಿ ತೆಗೆದಳು. ಪ್ರತಿ ಸಲವೂ ತಾನು ಮೊದಲ ಗುಟುಕು ನೋಡಿದರೆ ಬೆಣ್ಣೆಯ ಹಾಗಿರುತ್ತಿತ್ತು. ಅವನು ಮಾತ್ರ ಒಂದು ಬೆರಳು ಬಿಟ್ಟು “ಚೆನ್ನಾಗಿದೆ, ಹೊತ್ತಾಯ್ತು” ಎನ್ನುತ್ತಿದ್ದ.

ಹನ್ನೊಂದನೆಯ ಸಂಜೆ ಅವನ ಜಾಕೆಟ್ಟನ್ನು ಗೂಟಕ್ಕೆ ಹಾಕುವಾಗ ಅವಳ ಮೂಗಿಗೆ ಸಾಕ್ಷಿ ಸಿಕ್ಕಿತು. ಗ್ರೀಸಿನ ವಾಸನೆಯ ಅಡಿಯಲ್ಲಿ ಆಗತಾನೇ ಬೀಸಿದ ಕಾಫಿಯ ಪರಿಮಳ. ಹದವಾಗಿ, ತಾಳ್ಮೆಯಿಂದ, ಸುಡದ ಹಾಗೆ ಹುರಿದ ಬೀಜ. ಮನೆಯದಲ್ಲ.

“ಕಾಫಿ ಎಲ್ಲಿ ಕುಡಿದ್ರಿ?”

“ಆಫೀಸಲ್ಲಿ” ಎಂದ ಗಂಡ, ಸಾಕ್ಸ್ ಬಿಚ್ಚುತ್ತಾ.

ಆಫೀಸಿನ ಗುಂಡಿ ಒತ್ತುವ ಮೆಷೀನಿನ ಕಾಫಿ ಒದ್ದೆ ರಟ್ಟಿನ ವಾಸನೆ ಬರುತ್ತದೆಂದು ಯಾರಿಗೆ ಗೊತ್ತಿಲ್ಲದಿದ್ದರೂ ಗುಟುಕಮ್ಮನಿಗೆ ಗೊತ್ತಿತ್ತು. ಗಂಡ ಸುಳ್ಳು ಹೇಳಿದ್ದ. ಬೇರೆ ಎಲ್ಲೋ, ಬೇರೆ ಯಾರದೋ ಕೈಯ ಕಾಫಿಗೆ ಕಪ್ ಬೋರಲು ಹಾಕುತ್ತಿದ್ದ.

ತಂಗಿಗೆ ಫೋನು ಮಾಡಿದಳು.

“ಅಕ್ಕಾ, ಭಾವ ಕಾಫಿ ಕುಡಿದ್ರು ಅಂತ ಅಳ್ತಿದ್ದೀಯಾ?”

“ನಾನ್ಯಾಕೆ ಅಳ್ಲಿ? ಹೊಟ್ಟೆ ಉರೀತಿದೆ.”

“ನಿಂಗೆ ಹುಚ್ಚು. ನನ್ನ ಗಂಡ ದಿನಾ ಹೊರಗೇ ಕುಡೀತಾನೆ. ನಾನೇನು ಕುಣೀತೀನಾ?”

“ನಿನ್ನ ಕಾಫಿ ಯಾರು ಕುಡೀತಾರೆ ಬಿಡು.”

ತಂಗಿ ಫೋನಿಟ್ಟಳು. ಗುಟುಕಮ್ಮ ಅಡುಗೆಮನೆಯಲ್ಲಿ ನಿಂತು ಪೈಪುಗಳನ್ನು ನೋಡಿದಳು. ಆ ಇನ್ನೊಬ್ಬಳು ಕಣ್ಣಿಗೆ ಕಟ್ಟಿದಳು. ಇಪ್ಪತ್ತೆಂಟು ವರ್ಷ ಇರಬಹುದು. ಉದ್ದ ಬೆರಳು, ನಕ್ಕರೆ ಗುಳಿ ಬೀಳುವ ಕೆನ್ನೆ, ಕಪ್ ಕೊಡುವಾಗ ತುಸು ಬಾಗುವ ಅಭ್ಯಾಸ. ಗಂಡ ಆ ಗುಳಿಗೆ ಬಿದ್ದಿದ್ದರೆ ಒಂದು ಕೈ ನೋಡಿಕೊಳ್ಳಬಹುದಿತ್ತು. ಆದರೆ ಅವನು ಕಾಫಿಗೇ ಬಿದ್ದಿದ್ದರೆ? ತನ್ನ ಕೈಗಿಂತ ಒಳ್ಳೆಯ ಕೈ ಈ ಊರಿನಲ್ಲಿದ್ದರೆ? ಕೆಲಸ ಬಿಟ್ಟು, ಕೌಂಟರ್ ಬಿಟ್ಟು, ತನ್ನವರನ್ನೆಲ್ಲ ಬಿಟ್ಟು ಬಂದವಳ ಹತ್ತಿರ ಉಳಿದಿದ್ದದ್ದು ಆ ಬೋರಲು ಕಪ್ ಒಂದೇ. ಅದೂ ಕೈತಪ್ಪಿದರೆ ಇಲ್ಲಿ ತಾನು ಯಾರು, ನಾಲ್ಕನೇ ಮಹಡಿಯ ಬಾಡಿಗೆಯವಳು ತಾನೇ?

ಮರುದಿನದಿಂದ ಊರು ಸುತ್ತಲು ಹೊರಟಳು.

ಗೊತ್ತಿಲ್ಲದ ಊರಿನಲ್ಲಿ ಒಳ್ಳೆಯ ಎಸ್ಪ್ರೆಸೊ ಹುಡುಕುವುದಕ್ಕೆ ಅವಳದೇ ಕ್ರಮವಿತ್ತು. ಬೋರ್ಡು ನೋಡುವ ಗೋಜಿಲ್ಲ. ಬಾಗಿಲಲ್ಲಿ ನಿಂತು ಮೊದಲು ಮೂಗಿಗೆ ಕೆಲಸ ಕೊಡಬೇಕು. ಆಮೇಲೆ ಹಾಲು ಕಾಯಿಸುವ ಹಬೆಯ ನಳಿಗೆಯನ್ನು ನೋಡಬೇಕು, ನಿನ್ನೆಯ ಹಾಲು ಅದರ ಮೇಲೆ ಒಣಗಿ ಪದರಗಟ್ಟಿದ್ದರೆ ಅಲ್ಲಿಂದಲೇ ವಾಪಸ್. ಪ್ರತಿ ಕಪ್ಪಿಗೂ ಗ್ರೈಂಡರ್ ಸದ್ದು ಮಾಡುತ್ತದೆಯೇ ಎಂದು ಕೇಳಿಸಿಕೊಳ್ಳಬೇಕು. ಬೆಳಿಗ್ಗೆಯೇ ಬೀಸಿ ಗುಡ್ಡೆ ಹಾಕಿಟ್ಟಿದ್ದರೆ ಅವರಿಗೆ ಕೈ ಮುಗಿಯಬೇಕು. ಇದರ ಜೊತೆಗೆ ಈ ಸಲ ಇನ್ನೊಂದು ಸೇರಿತ್ತು: ತೊಳೆಯಲು ಇಟ್ಟ ಕಪ್ಪುಗಳ ಟ್ರೇಯಲ್ಲಿ ಯಾವುದಾದರೂ ಬೋರಲು ಬಿದ್ದಿದೆಯೇ?

ಗಂಡನ ಎಂಟು ಕಟ್ಟಡಗಳ ಸುತ್ತಮುತ್ತ ಇರುವುದನ್ನೆಲ್ಲ ನೋಡುವುದೆಂದು ಲೆಕ್ಕ. ಮೊದಲನೆಯದು ಗಾಜಿನ ಮುಂಭಾಗದ್ದು. ಒಳಗೆ ಕುರ್ಚಿಗಿಂತ ಗಿಡಗಳೇ ಹೆಚ್ಚು. ಕಾಫಿ ಹುಣಸೆಹಣ್ಣು ಹಿಂಡಿದ ಹಾಗೆ ಹುಳಿ. ಒಂದು ಗುಟುಕು ಕುಡಿದು ಅವಳಿಗೆ ಎಷ್ಟು ಸಂತೋಷವಾಯಿತೆಂದರೆ, ಕೌಂಟರಿನವನಿಗೆ ಎರಡೆರಡು ಸಲ ಥ್ಯಾಂಕ್ಸ್ ಹೇಳಿದಳು.

“ಇಲ್ಲಿ ಒಬ್ಬರು ಬರ್ತಾರಾ? ಎತ್ತರ, ಜೇಬಲ್ಲಿ ಸ್ಕ್ರೂಡ್ರೈವರ್. ಕುಡಿದಾದ್ಮೇಲೆ ಕಪ್ ಬೋರಲು ಹಾಕ್ತಾರೆ.”

“ಏನು ಕೇಸಾ ಮೇಡಂ?” ಎಂದು ಅವನು ದನಿ ತಗ್ಗಿಸಿ ಕೇಳಿದ.

ಬ್ಯಾಂಕಿನ ಕೆಳಗಿನದ್ದು ಸುಟ್ಟ ಬೂದಿ. ಬಸ್ ನಿಲ್ದಾಣದ ಎದುರಿನದ್ದು ಬಿಸಿನೀರಿಗೆ ಬಣ್ಣ. ನಾಲ್ಕು ದಿನದಲ್ಲಿ ಒಂಬತ್ತು ಕೆಫೆ ನೋಡಿದಳು. ಒಂಬತ್ತರಲ್ಲೂ ಒಂದೊಂದು ಗುಟುಕು ಕುಡಿದು, ಮೂಗು ಮುರಿದು, ಹಗುರಾಗಿ ಹೊರಬಂದಳು. ಒಳ್ಳೆಯ ಕಾಫಿ ಹುಡುಕಿಕೊಂಡು ಹೋಗಿ, ಅದು ಸಿಗದಿರಲಿ ಎಂದು ಹಾರೈಸುವ ಗಿರಾಕಿಯನ್ನು ಆ ಊರು ಹಿಂದೆಂದೂ ಕಂಡಿರಲಿಕ್ಕಿಲ್ಲ.

ಹತ್ತನೆಯದು ಗ್ರಂಥಾಲಯದ ಪಕ್ಕದ್ದು. ಕೂದಲು ಕತ್ತರಿಸಿಕೊಂಡ ಹೆಂಗಸೊಬ್ಬಳು ಕೌಂಟರಿನಲ್ಲಿದ್ದಳು. ನಳಿಗೆ ಹೊಳೆಯುತ್ತಿತ್ತು. ಗುಟುಕು ಬಾಯಿಗೆ ಹೋದದ್ದೇ ಗುಟುಕಮ್ಮನ ಮುಖ ಇಳಿಯಿತು. ಚೆನ್ನಾಗಿತ್ತು, ಹಾಳಾಗಿಹೋಗಲಿ. ಆ ಹೆಂಗಸಿನ ಕೆನ್ನೆ ನೋಡಿದಳು, ಗುಳಿಯಿಲ್ಲ. ಟ್ರೇ ನೋಡಿದಳು, ಬೋರಲು ಕಪ್ ಇಲ್ಲ. ಕೊನೆಗೆ ಕೌಂಟರಿನವರು ಕೌಂಟರಿನವರಿಗಷ್ಟೇ ಕೇಳುವ ಪ್ರಶ್ನೆ ಕೇಳಿದಳು.

“ರಜೆ ದಿನ ನೀವೆಲ್ಲಿ ಕುಡೀತೀರ?”

ಆ ಹೆಂಗಸು ತಲೆಯೆತ್ತಿ ಅವಳನ್ನು ಅಳೆದಳು. “ನೀವೂ ಈ ಕೆಲಸದವರೇ ಅನ್ನಿ. ದೊಡ್ಡಮ್ಮನ ಹತ್ರ ಹೋಗಿ. ಬೀಗದ ಕೈ ಮಾಡೋ ಅಂಗಡಿ ಇದೆಯಲ್ಲ, ಅದರ ಹಿಂದಿನ ಸಂದಿ. ಬೋರ್ಡಿಲ್ಲ. ನಾವೆಲ್ಲ ಅಲ್ಲೇ ಹೋಗೋದು.”

ಬೀಗದ ಕೈಯ ಅಂಗಡಿಗೂ ದರ್ಜಿಯ ಅಂಗಡಿಗೂ ನಡುವಿನ ಸಂದಿ ಒಂದು ಸೈಕಲ್ಲಿಗೆ ಸಾಲುವಷ್ಟಿತ್ತು. ಕೊನೆಯಲ್ಲಿ ಒಂದು ಬಾಗಿಲು, ಒಳಗೆ ಆರು ಸ್ಟೂಲು. ಕೌಂಟರಿನ ಮೇಲೆ ಕೈಯಿಂದ ಹಿಡಿಕೆ ಎಳೆಯುವ ಹಳೆಯ ಕಾಲದ ಮೆಷೀನು, ಎತ್ತರಕ್ಕೆ ಕಪಾಟಿನ ಹಾಗೆ ನಿಂತಿತ್ತು. ಅದರ ಪಕ್ಕ ನಾಲ್ಕು ಮಡಿಕೆ ಮಾಡಿದ ಒರೆಸುವ ಬಟ್ಟೆ. ಬಟ್ಟೆಯ ಮಡಿಕೆ ನೋಡಿಯೇ ಗುಟುಕಮ್ಮ ಬಾಗಿಲಲ್ಲೇ ನಿಂತಳು. ಅವಳೂ ಹಾಗೇ ಮಡಿಸುತ್ತಿದ್ದಳು.

ಮೆಷೀನಿನ ಹಿಂದಿನಿಂದ ಬಂದದ್ದು ಅರವತ್ತು ದಾಟಿದ ಹೆಂಗಸು. ಗಂಡಸರ ಸ್ವೆಟರು, ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟ ಕನ್ನಡಕ, ಕಾಲಿಗೆ ರಬ್ಬರ್ ಚಪ್ಪಲಿ. ಎಲ್ಲರೂ ದೊಡ್ಡಮ್ಮ ಎಂದೇ ಕರೆಯುತ್ತಿದ್ದರು. ಟ್ರೇಯಲ್ಲಿ ಹತ್ತು ಹದಿನೈದು ಕಪ್ಪುಗಳಿದ್ದವು. ಎಲ್ಲವೂ ನೆಟ್ಟಗೆ. ಸದ್ಯ, ಇಲ್ಲಿಗೂ ಬರುತ್ತಿಲ್ಲ ಎಂದು ಗುಟುಕಮ್ಮ ನಿರಾಳವಾಗಿ ಸ್ಟೂಲ್ ಎಳೆದುಕೊಂಡಳು.

ಕಾಫಿ ಬಂತು. ಒಂದು ಗುಟುಕು.

ಅಯ್ಯೋ ಎನ್ನಿಸಿತು. ಹೊಗಳಿಕೆಯ ಅಯ್ಯೋ ಅಲ್ಲ, ಮನೆಗೆ ಕಳ್ಳ ನುಗ್ಗಿದರೆ ಬರುವ ಅಯ್ಯೋ. ಜಾಕೆಟ್ಟಿನ ಪರಿಮಳ ಇದೇ. ಗುಟುಕಮ್ಮ ಕಪ್ಪನ್ನು ಪಕ್ಕಕ್ಕೆ ಸರಿಸಿ ಎದ್ದಳು.

“ಯಾಕಮ್ಮ, ಬಿಸಿ ಜಾಸ್ತಿಯಾಯ್ತಾ?”

“ಇಲ್ಲ. ತಿಳೀತು.”

“ಏನು ತಿಳೀತು? ಕಾಫಿ ಇನ್ನೂ ಮುಗಿದಿಲ್ಲವಲ್ಲ. ಕೂತ್ಕೋ. ಮಿಕ್ಕಿದ್ದನ್ನ ಯಾರು ಕುಡೀಬೇಕು?”

ದೊಡ್ಡಮ್ಮನ ದನಿಯಲ್ಲಿ ಗದರಿಕೆಯಿತ್ತು. ಗುಟುಕಮ್ಮ ಕುಳಿತು ಎರಡನೆಯ ಗುಟುಕು ಕುಡಿದಳು, ಮೂರನೆಯದೂ ಕುಡಿದಳು. ಅಷ್ಟರಲ್ಲಿ ಕಾಫಿ ಆರಿತ್ತು. ಆರಿದ ಮೇಲೆ ಅದು ಇನ್ನೂ ಸಿಹಿಯಾಯಿತು, ತಳದ ಹನಿಯವರೆಗೂ. ಒಂದು ತಪ್ಪು ಸಿಗಲಿ, ಒಂದೇ ಒಂದು ತಪ್ಪು ಎಂದು ನಾಲಿಗೆಯಿಂದ ತಡಕಾಡಿದಳು. ಬೆಣ್ಣೆಯಲ್ಲಿ ಕೂದಲು ಹುಡುಕಿದ ಹಾಗಾಯಿತು, ಕೂದಲೂ ಸಿಗಲಿಲ್ಲ. ಕಣ್ಣಲ್ಲಿ ನೀರು ಬಂತು. ಅದು ರುಚಿಗೆ ಬಂದ ನೀರಲ್ಲ, ಶುದ್ಧ ಹೊಟ್ಟೆಕಿಚ್ಚಿನದು.

“ಇಲ್ಲಿ ಯಾರಾದರೂ ಕಪ್ ಬೋರಲು ಹಾಕಿ ಹೋಗ್ತಾರಾ?” ಎಂದು ಕೊನೆಯ ಆಸೆಯಿಂದ ಕೇಳಿದಳು.

“ಬೋರಲಾ? ಇಲ್ಲಪ್ಪ. ಯಾಕೆ?”

“ಸುಮ್ನೆ ಕೇಳಿದೆ. ಲಿಫ್ಟ್ ರಿಪೇರಿ ಮಾಡೋರು ಒಬ್ಬರು...”

“ಲಿಫ್ಟಿನೋನಾ! ದಿನಾ ಎಂಟೂವರೆಗೆ ಹಾಜರ್” ಎಂದು ದೊಡ್ಡಮ್ಮ ಹುರುಪಿನಿಂದ ಬಟ್ಟೆ ಹೆಗಲಿಗೆ ಹಾಕಿಕೊಂಡಳು. “ಅದೇ ಆ ಮೂಲೆ ಸ್ಟೂಲು. ನೆಕ್ಕಿಟ್ಟ ಹಾಗೆ ಕುಡೀತಾನೆ, ಕಪ್ ತೊಳೆಯೋದೇ ಬೇಡ. ಮತ್ತೆ ಮಾತು ಅಂದ್ರೆ ಮಾತು! ಯಾವ ಲಿಫ್ಟು ನರಳತ್ತೆ, ಯಾವುದು ಗೊರಕೆ ಹೊಡೆಯತ್ತೆ, ಅದನ್ನೆಲ್ಲ ದನಿ ಮಾಡಿ ತೋರಿಸ್ತಾನೆ. ನಕ್ಕು ನಕ್ಕು ಸಾಕಾಗತ್ತೆ.”

ಗುಟುಕಮ್ಮನಿಗೆ ಮೈಯೆಲ್ಲ ಉರಿಯಿತು. ಮನೆಯಲ್ಲಿ ‘ಹೊತ್ತಾಯ್ತು’ ಬಿಟ್ಟು ಬೇರೆ ಶಬ್ದ ಗೊತ್ತಿಲ್ಲದ ಮನುಷ್ಯ ಇಲ್ಲಿ ಲಿಫ್ಟಿನ ಗೊರಕೆ ಹೊಡೆದು ತೋರಿಸುತ್ತಾನೆ! ಗುಳಿಬಿದ್ದ ಕೆನ್ನೆಯವಳಾಗಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಈ ರಬ್ಬರ್ ಚಪ್ಪಲಿಯ ಮುದುಕಿಯ ಮೇಲೆ ಸಿಟ್ಟು ಮಾಡಿಕೊಳ್ಳುವುದಾದರೂ ಹೇಗೆ?

“ಮನೇಲಿ ಕಾಫಿ ಮಾಡೋರಿಲ್ವೇನೋ ಪಾಪ” ಎಂದಳು, ಆದಷ್ಟು ಸಾದಾ ದನಿಯಲ್ಲಿ.

“ಇದ್ದಾಳಂತೆ. ಹೆಂಡತಿ ಬಲು ಒಳ್ಳೆಯವಳಂತೆ. ಆದ್ರೆ ಅವಳ ಕಾಫಿ ಕೊನೇತನಕ ಗಂಟಲಲ್ಲಿ ಇಳಿಯೋದಿಲ್ವಂತೆ. ಹೇಳೋಣ ಅಂದ್ರೆ ಧೈರ್ಯ ಇಲ್ವಂತೆ. ಕತ್ತಲೆ ಗುಂಡಿಯೊಳಗೆ ತಂತಿ ಹಿಡಿದು ನೇತಾಡೋನು, ನೋಡು, ಹೆಂಡತಿಗೆ ಮಾತ್ರ...”

ದೊಡ್ಡಮ್ಮ ಅಲ್ಲಿಗೇ ನಿಲ್ಲಿಸಿದಳು. ಅವಳ ಕಣ್ಣು ಗುಟುಕಮ್ಮನ ಮುಂಗೈ ಮೇಲಿತ್ತು. ಹಬೆಯ ನಳಿಗೆ ತಾಗಿ ಸುಟ್ಟ ಹಳೆಯ ಗೆರೆಗಳು, ಒಂದರ ಕೆಳಗೊಂದು. ದೊಡ್ಡಮ್ಮನ ಕೈಯಲ್ಲೂ ಅಂಥವೇ ಇದ್ದವು.

“ನೀನು ಮೆಷೀನಿನವಳು” ಎಂದಳು.

“ಹೌದು. ಆ ಗಂಟಲಲ್ಲಿ ಇಳಿಯದ ಕಾಫಿ ಮಾಡೋಳೂ ನಾನೇ.”

ದೊಡ್ಡಮ್ಮ ಕ್ಷಮೆ ಕೇಳುತ್ತಾಳೆ ಎಂದು ಗುಟುಕಮ್ಮ ಕಾದಳು. ದೊಡ್ಡಮ್ಮ ಕನ್ನಡಕ ಏರಿಸಿಕೊಂಡು ಖಾಲಿ ಕಪ್ಪನ್ನು ಎತ್ತಿ ಟ್ರೇಗೆ ಹಾಕಿದಳಷ್ಟೇ.

“ಗಂಟಲಲ್ಲಿ ಇಳಿಯದೆ ಹನ್ನೊಂದು ವರ್ಷ ಸಂಸಾರ ಮಾಡಿದ್ದಾರಾ?” ಗುಟುಕಮ್ಮನ ದನಿ ಏರಿತು. “ದಿನಾ ಕಪ್ ಬೋರಲು ಹಾಕಿದ್ದಾರೆ, ಒಂದು ಹನಿ ಬಿಡದೆ! ನಿಮ್ಮ ಮುಂದೆ ಏನೋ ಬಾಯಿಗೆ ಬಂದದ್ದು ಹೇಳಿದ್ದಾರೆ. ನಾಳೆ ಎಂಟೂವರೆಗೆ ಈ ಮೆಷೀನ್ ನನಗೆ ಕೊಡಿ. ನಿಮ್ಮದೇ ಬೀಜ, ನಿಮ್ಮದೇ ನೀರು, ಕೈ ಮಾತ್ರ ನಂದು. ನಾನು ಅಂತ ಹೇಳಬೇಡಿ. ಬೋರಲು ಹಾಕದೆ ಹೋದ್ರೆ ಕೇಳಿ.”

“ಗಂಡ ನಿನ್ನವನು, ಹಟ ನಿಂದು” ಎಂದಳು ದೊಡ್ಡಮ್ಮ. “ಮೆಷೀನ್ ಮಾತ್ರ ನಂದು. ಗೀರು ಬಿದ್ರೆ ಸುಮ್ನಿರೋದಿಲ್ಲ.”

ಮರುದಿನ ಬೆಳಿಗ್ಗೆ ಮಾರ್ಕೆಟ್ಟಿಗೆ ಹೋಗಬೇಕು, ಇವತ್ತು ಕಾಫಿ ಇಲ್ಲ ಎಂದು ಗಂಡನಿಗೆ ಹೇಳಿದಾಗ ಅವನು, “ಪರವಾಗಿಲ್ಲ, ಪರವಾಗಿಲ್ಲ, ನೀನು ಆರಾಮಾಗಿ ಹೋಗು” ಎಂದ. ರಜೆ ಸಿಕ್ಕಿದ ಮೇಷ್ಟರ ಹಾಗೆ ಅವನ ಮುಖ ಅರಳಿತು. ಗ್ರೈಂಡರನ್ನು ಎತ್ತಿ ಅವನ ಕಾಲ ಮೇಲೆ ಹಾಕಬೇಕು ಅನ್ನಿಸಿದರೂ ಗುಟುಕಮ್ಮ ಹಲ್ಲು ಕಚ್ಚಿ ಚೀಲ ಹಿಡಿದು ಹೊರಟಳು.

ದೊಡ್ಡಮ್ಮನ ಮೆಷೀನು ಅವಳ ಮಾತು ಕೇಳಿತು. ಮೆಷೀನುಗಳು ಅವಳಿಗೆ ಯಾವತ್ತೂ ಎದುರು ಹೇಳಿದ್ದಿಲ್ಲ. ಹಿಡಿಕೆಯ ತೂಕ ನೋಡಿಕೊಂಡಳು, ಗ್ರೈಂಡರನ್ನು ತನ್ನ ಲೆಕ್ಕಕ್ಕೆ ತಿರುಗಿಸಿದಳು, ಒಂದು ಎಸ್ಪ್ರೆಸೊ ಇಳಿಸಿ ಒಂದು ಗುಟುಕು ನೋಡಿ ಉಳಿದದ್ದನ್ನು ಸಿಂಕಿಗೆ ಸುರಿದಳು. ಮೂರನೆಯ ಸಲಕ್ಕೆ ಹದ ಸಿಕ್ಕಿತು. ನಿನ್ನೆಯದಕ್ಕಿಂತ ಒಂದು ಕೈ ಮೇಲು ಎಂದೇ ಅವಳ ತೀರ್ಮಾನ. ದೊಡ್ಡಮ್ಮ ಸಿಂಕಿನ ಕಡೆ ಒಮ್ಮೆ, ಅವಳ ಕಡೆ ಒಮ್ಮೆ ನೋಡಿ ಏನೋ ಹೇಳಹೊರಟವಳು ಸುಮ್ಮನಾದಳು. ಅವಳು ಬೆಳಿಗ್ಗೆ ಮಾಡಿಟ್ಟಿದ್ದ ಮೊದಲ ಕಪ್ ಕೌಂಟರಿನ ಮೂಲೆಯಲ್ಲಿ ಆರುತ್ತ ಕೂತಿತ್ತು.

ಎಂಟೂವರೆಗೆ ಸಂದಿಯಲ್ಲಿ ಹೆಜ್ಜೆ ಸಪ್ಪಳ ಕೇಳಿತು. ಗುಟುಕಮ್ಮ ಆ ಎತ್ತರದ ಮೆಷೀನಿನ ಹಿಂದೆ ಬಗ್ಗಿದಳು.

“ದೊಡ್ಡಮ್ಮಾ, ಏಳು ಮಹಡಿ ಕಟ್ಟಡದ ಲಿಫ್ಟಿದೆಯಲ್ಲ, ನಿನ್ನೆ ಅದು ಏನು ಮಾಡ್ತು ಗೊತ್ತಾ? ಕ್ರೀಂ... ಕ್ರೀಂ... ಅಂತ, ಸಣ್ಣ ಮಗು ಥರ. ಒಳಗೆ ಒಬ್ಬ ವಕೀಲ, ಬೆವರಿ ನೀರಾಗಿದ್ದಾನೆ...”

ಗಂಡನ ದನಿ. ಆದರೆ ಇಷ್ಟೊಂದು ಮಾತು ಅವನ ಬಾಯಲ್ಲಿ ಮದುವೆಯ ದಿನವೂ ಬಂದಿರಲಿಲ್ಲ. ಗುಟುಕಮ್ಮ ಉಸಿರು ಬಿಗಿಹಿಡಿದು ಹಿಡಿಕೆ ಎಳೆದಳು. ದೊಡ್ಡಮ್ಮ ಕಪ್ ಒಯ್ದು ಮೂಲೆಯ ಸ್ಟೂಲಿನ ಮುಂದಿಟ್ಟಳು.

“...ನಾನು ಮೇಲಿಂದ ಕೂಗಿದೆ, ಸ್ವಾಮಿ, ಗುಂಡಿ ಒತ್ತಬೇಡಿ ಅಂತ. ಅವನು...”

ಕಪ್ ತುಟಿಗೆ ಹೋಯಿತು. ಮಾತು ನಿಂತಿತು. ವಕೀಲ ಲಿಫ್ಟಿನಲ್ಲೇ ಉಳಿದ.

“ದೊಡ್ಡಮ್ಮ” ಎಂದ ಗಂಡ, ಬಹಳ ಮೆಲ್ಲಗೆ. “ನಮ್ಮನೆಯವಳು ಬಂದಿದ್ದಾಳಾ?”

ಒಂದು ಗುಟುಕಿಗೆ ಗುರುತು ಹಿಡಿದಿದ್ದ! ಗುಟುಕಮ್ಮನಿಗೆ ಎದೆಯುಬ್ಬಿ ಬಂತು. ಬೇರೆಯವರ ಬೀಜ, ಬೇರೆಯವರ ನೀರು, ಬೇರೆಯವರ ಮೆಷೀನು, ಆದರೂ ತನ್ನ ಕೈ ಅವನಿಗೆ ತಿಳಿದಿತ್ತು. ಸೊಂಟಕ್ಕೆ ಕೈಯಿಟ್ಟು ಮೆಷೀನಿನ ಹಿಂದಿನಿಂದ ಎದ್ದು ನಿಂತಳು.

ಗಂಡನ ಮುಖದಲ್ಲಿ ರಕ್ತ ಉಳಿಯಲಿಲ್ಲ. ಗಟಗಟನೆ ಎರಡು ಗುಟುಕು ಇಳಿಸಿದ. ಆಮೇಲೆ ಅವನ ಕೈ, ಅವನನ್ನು ಕೇಳದೆಯೇ ಎಂಬಂತೆ, ಕಪ್ಪನ್ನು ಸಾಸರಿನ ಮೇಲೆ ಬೋರಲು ಹಾಕಿತು. ಟಕ್ ಟಕ್.

“ನೋಡಿದ್ರಾ!” ಎಂದು ಗುಟುಕಮ್ಮ ಅಂಗಡಿ ಹಾರಿಹೋಗುವ ಹಾಗೆ ಕೂಗಿದಳು. “ನೋಡಿದ್ರಾ ದೊಡ್ಡಮ್ಮ? ನಾನೇನು ಹೇಳಿದ್ದೆ? ನಿಮ್ಮ ಕಾಫಿಗೆ ಯಾವತ್ತಾದರೂ ಬೋರಲು ಹಾಕಿದ್ದಾರಾ?”

ದೊಡ್ಡಮ್ಮ ಬಟ್ಟೆ ಕೆಳಗಿಟ್ಟಳು. ಅಂಗಡಿಯವರು ಎಂಜಲು ಕಪ್ ಎತ್ತುವ ಹಾಗೆ ಬಂದು, ಬೋರಲು ಕಪ್ಪನ್ನು ಎತ್ತಿದಳು. ಸಾಸರಿನ ಗುಳಿಯಲ್ಲಿ ಕಾಫಿ ನಿಂತಿತ್ತು. ಒಂದು ಹನಿ ಎರಡು ಹನಿಯಲ್ಲ, ಒಂದು ಬೆರಳು ಕಾಫಿ.

ಗುಟುಕಮ್ಮ ಸಾಸರನ್ನು ನೋಡಿದಳು. ಗಂಡನನ್ನು ನೋಡಿದಳು. ಮತ್ತೆ ಸಾಸರನ್ನು ನೋಡಿದಳು. ತನ್ನ ಕಪ್ ತಾನೇ ತೊಳೆಯುವ ಗಂಡ ಯಾಕೆ ತೊಳೆಯುತ್ತಿದ್ದನೆಂದು, ಹೊಸ ಮನೆಯಲ್ಲಿ ಅವಳು ಗಲ್ಲಕ್ಕೆ ಕೈ ಕೊಟ್ಟು ಎದುರಿಗೆ ಕುಳಿತ ದಿನದಿಂದ ಯಾಕೆ ಬೋರಲು ಹಾಕಲಿಲ್ಲವೆಂದು, ಎಲ್ಲ ಒಟ್ಟಿಗೇ ತಿಳಿಯಿತು.

ಸಾಸರನ್ನೇ ಎತ್ತಿ ತುಟಿಗಿಟ್ಟು ಆ ಉಳಿಕೆಯನ್ನು ಕುಡಿದಳು. ತನ್ನ ಕಾಫಿಯ ತಳವನ್ನು ಅವಳು ಕಂಡದ್ದು ಅದೇ ಮೊದಲು. ಬಿಸಿಯಲ್ಲಿ ಬೆಣ್ಣೆಯಾಗಿದ್ದದ್ದು ಆರುತ್ತಲೇ ಬೀಗದ ಕೈ ನೆಕ್ಕಿದ ಹಾಗೆ ಕಹಿಯಾಗಿತ್ತು. ಗಂಟಲು ಹಿಡಿಯಿತು.

“ಹದಿಮೂರು ವರ್ಷ ಇದನ್ನ ಕುಡಿದ್ರಾ?”

“ಕುಡೀಲಿಲ್ಲವಲ್ಲ” ಎಂದ ಗಂಡ ನೆಲ ನೋಡುತ್ತ. “ಬೋರಲು ಹಾಕ್ತಿದ್ದೆ. ಅಲ್ಲಿ ಇಷ್ಟೊಂದು ಕಹಿ ಇರ್ತಿರಲಿಲ್ಲ. ಈ ಊರಿನ ನೀರಿಗೆ ಜಾಸ್ತಿ ಆಗಿದೆ.”

“ಮದುವೆಗೆ ಮುಂಚೆ ಎರಡು ವರ್ಷ ದಿನಾ ಬರ್ತಿದ್ರಲ್ಲ. ಇಂಥ ಕಾಫಿಗೆ ಯಾಕೆ ಬರ್ತಿದ್ರಿ?”

“ಕಾಫಿಗೆ ಬರ್ತಿದ್ದೆ ಅಂತ ನಾನು ಯಾವಾಗ ಹೇಳಿದೆ?”

ದೊಡ್ಡಮ್ಮ ಆ ಕಡೆ ತಿರುಗಿ ಒರೆಸಿದ್ದ ಜಾಗವನ್ನೇ ಮತ್ತೆ ಒರೆಸತೊಡಗಿದಳು.

ಬೇರೆ ಯಾವ ಹೆಂಡತಿಯಾಗಿದ್ದರೂ ಆ ಮಾತಿಗೆ ಕರಗಿ ನೀರಾಗುತ್ತಿದ್ದಳು. ಗುಟುಕಮ್ಮನೂ ಕರಗಲಿಲ್ಲವೆಂದಲ್ಲ, ಕಿವಿ ಕೆಂಪಾಯಿತು. ಆದರೆ ಅದರ ಹಿಂದೆಯೇ ಹೊಟ್ಟೆಕಿಚ್ಚು ಮೊದಲಿಗಿಂತ ಜೋರಾಗಿ ಹತ್ತಿಕೊಂಡಿತು. ಗಂಡ ತನ್ನವನೇ, ಸರಿ. ಅವನು ಬಂದದ್ದು ತನಗಾಗಿಯೇ, ಅದೂ ಸರಿ. ಆದರೆ ನೆಕ್ಕಿ ಖಾಲಿ ಮಾಡಿದ್ದು ಈ ಮುದುಕಿಯ ಕಪ್ಪನ್ನು. ಮೆಷೀನಿನ ಹಿಂದೆ ಹದಿಮೂರು ವರ್ಷ ನಿಂತವಳಿಗೆ ಗಂಡ ಸಿಕ್ಕಿದನೆಂದು ಕಾಫಿಯನ್ನು ಬಿಟ್ಟುಕೊಡಲು ಆಗುತ್ತದೆಯೇ?

“ದೊಡ್ಡಮ್ಮ, ಆ ಮೂಲೇಲಿ ಆರಿಸಿಟ್ಟಿದ್ದೀರಲ್ಲ ಕಪ್ಪು, ಅದು ಯಾರಿಗೆ?”

“ನನಗೇ. ದಿನದ ಮೊದಲನೇದನ್ನ ಆರಿಸಿ ತಳದ ತನಕ ಕುಡೀತೀನಿ. ಬಿಸಿಯಾಗಿದ್ದಾಗ ಎಲ್ಲರ ಕಾಫಿನೂ ಮರ್ಯಾದಸ್ಥರ ಥರ ಇರತ್ತಮ್ಮ. ನೀನು ಸಿಂಕಿಗೆ ಸುರೀತಿದ್ದೆ ನೋಡು, ಆಗಲೇ ಗೊತ್ತಾಯ್ತು ನನಗೆ.”

ಗುಟುಕಮ್ಮ ಅಂಗಿಯ ತೋಳು ಏರಿಸಿದಳು. ಗ್ರೈಂಡರಿನ ಹತ್ತಿರ ಹೋದಳು. ಒಂದು ಇಳಿಸಿದಳು. ಗುಟುಕು ನೋಡಲಿಲ್ಲ, ಮುಂದಿಟ್ಟುಕೊಂಡು ಕಾದಳು. ಆರಿದ ಮೇಲೆ ಕುಡಿದು ಮುಖ ಹಿಂಡಿದಳು. ಗ್ರೈಂಡರ್ ತಿರುಗಿಸಿ ಇನ್ನೊಂದು ಇಳಿಸಿದಳು, ಹಿಡಿಕೆಯನ್ನು ಮೂರು ಎಣಿಸುವಷ್ಟು ಮೊದಲೇ ನಿಲ್ಲಿಸಿ. ಮತ್ತೆ ಕಾದಳು. ದರ್ಜಿ ಬಂದು ಕುಡಿದು ಹೋದ, ಬೀಗದವನು ಬಂದು ಕುಡಿದು ಹೋದ. ಗಂಡ ಮೆಲ್ಲಗೆ ಸ್ಟೂಲಿನಿಂದ ಒಂದು ಕಾಲು ಕೆಳಗಿಟ್ಟ.

“ಎಲ್ಲಿಗೆ?”

“ಏಳು ಮಹಡಿ ಕಟ್ಟಡದ ಲಿಫ್ಟು...”

“ಅವರು ಮೆಟ್ಟಿಲು ಹತ್ತಲಿ. ಕೂತ್ಕೊಳ್ಳಿ.”

ಅವನು ಕುಳಿತ. ನಾಲ್ಕನೆಯ ಕಪ್ಪನ್ನು ಅವಳು ತಳದವರೆಗೆ ಕುಡಿದು, ಖಾಲಿ ಕಪ್ಪಿನೊಳಗೆ ಸ್ವಲ್ಪ ಹೊತ್ತು ನೋಡುತ್ತ ನಿಂತಳು. ಆಮೇಲೆ ಅದೇ ಲೆಕ್ಕಕ್ಕೆ ಐದನೆಯದನ್ನು ಇಳಿಸಿ, ತಾನೇ ಒಯ್ದು ಗಂಡನ ಮುಂದಿಟ್ಟು, ಎದುರಿನ ಸ್ಟೂಲ್ ಎಳೆದುಕೊಂಡು ಕುಳಿತಳು.

“ಆರಲಿ, ಆಮೇಲೆ ಕುಡೀರಿ” ಎಂದಳು. “ಕಪ್ ಬೋರಲು ಹಾಕಿದ್ರೋ, ಕೈ ಮುರಿದೇಬಿಡ್ತೀನಿ.”